ಪಿಟೀಲಿನ ಕೈಗೆ ಮ್ಯಾಂಡೊಲಿನ್, ಹೂಜಿಯ ಬಾಯಿಗೆ ಬ್ಲೂಸ್

(ವಾದ್ಯಗಳನ್ನು ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಅಂಕಣದಲ್ಲಿ ಉತ್ತರಿಸಲಾಗುತ್ತದೆ. ಕೆಲವು ತಿಂಗಳ ಹಿಂದೆ, ಹೂಜಿ ಊದುತ್ತ ಬ್ಲೂಸ್ ಎಂಬ ಕಪ್ಪು ಜನಾಂಗದ ಹಾಡುಗಳನ್ನು ನುಡಿಸುವ ಅಮೆರಿಕದ ಜಗ್ ಬ್ಯಾಂಡುಗಳ ಬಗ್ಗೆ ಇಲ್ಲಿ ಎರಡು ಮಾತು ಬರೆದಿದ್ದೆ. ಅದರ ಬೆನ್ನಿಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಎತ್ತಿಕೊಂಡಿದ್ದೇನೆ.)

ಪ್ರಶ್ನೆ: ಹದಿನಾರನೆಯ ವಯಸ್ಸಿನವರೆಗೆ ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿತಿದ್ದೆ. ವರ್ಣಗಳವರೆಗೆ ಬಂದು ನಿಂತುಹೋಯಿತು. ಈಗ ನನಗೆ ನಲವತ್ತೆರಡು ವರ್ಷ, ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿದ್ದೇನೆ. ಕಳೆದ ವರ್ಷ ಹಳೆಯ ಮ್ಯಾಂಡೊಲಿನ್ ಒಂದನ್ನು ಕೊಂಡೆ. ನಮ್ಮ ಬಡಾವಣೆಯಲ್ಲಿ ಗುರುವಾರದ ಸಂಜೆ ಏಳೆಂಟು ಜನ ಸೇರಿ ಹೂಜಿ, ಬಟ್ಟೆ ಒಗೆಯುವ ಹಲಗೆ, ತಗಡಿನ ತೊಟ್ಟಿ, ಗಿಟಾರುಗಳನ್ನು ಇಟ್ಟುಕೊಂಡು ಜಗ್ ಬ್ಯಾಂಡ್ ಬ್ಲೂಸ್ ನುಡಿಸುತ್ತಾರೆ. ನನ್ನನ್ನೂ ಕರೆದಿದ್ದಾರೆ. ಎರಡು ಸಲ ಹೋಗಿ ಮೂಲೆಯಲ್ಲಿ ಕುಳಿತು ಕೇಳಿ ಬಂದೆ. ಅಲ್ಲಿ ಪಾಠವಿಲ್ಲ, ಸ್ವರಲಿಪಿಯಿಲ್ಲ, ಯಾರು ಯಾವಾಗ ನುಡಿಸಬೇಕೆಂಬುದೂ ನನಗೆ ತಿಳಿಯಲಿಲ್ಲ. ಎಲ್ಲಿಂದ ಆರಂಭಿಸಲಿ? ಈ ಸಂಗೀತದಲ್ಲಿ ಮ್ಯಾಂಡೊಲಿನ್‌ಗೆ ನಿಜವಾಗಿಯೂ ಜಾಗವಿದೆಯೇ, ಅಥವಾ ಮರ್ಯಾದೆಗೆ ಕರೆದಿದ್ದಾರೆಯೇ?
— ಓದುಗರೊಬ್ಬರು, ಇಂಡಿಯಾನಾಪೊಲಿಸ್

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ನೀವಿರುವ ಊರೇ ಉತ್ತರ ಹೇಳುತ್ತದೆ. ಬ್ಲೂಸ್ ಮ್ಯಾಂಡೊಲಿನ್ ಎಂದೊಡನೆ ತಿಳಿದವರ ಬಾಯಲ್ಲಿ ಮೊದಲು ಬರುವ ಹೆಸರು ಯಾಂಕ್ ರೇಚೆಲ್ ಅವರದು. ಟೆನೆಸಿ ರಾಜ್ಯದ ಬ್ರೌನ್ಸ್‌ವಿಲ್ ಸುತ್ತಿನ ಹಳ್ಳಿಗಾಡಿನಲ್ಲಿ ಹುಟ್ಟಿ, 1929ರಲ್ಲಿ ಮೆಂಫಿಸ್‌ನಲ್ಲಿ ಬ್ಲೂಸ್ ಗಾಯಕ ಸ್ಲೀಪಿ ಜಾನ್ ಎಸ್ಟಿಸ್ ಅವರ ಜೊತೆ ಧ್ವನಿಮುದ್ರಣ ಮಾಡಿದ ಈ ಕಲಾವಿದರು 1958ರಲ್ಲಿ ನಿಮ್ಮ ಇಂಡಿಯಾನಾಪೊಲಿಸ್‌ಗೆ ಬಂದು ನೆಲೆಸಿದರು, 1997ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಎಸ್ಟಿಸ್, ರೇಚೆಲ್, ಪಿಯಾನೊ ಮತ್ತು ಹೂಜಿ ಎರಡನ್ನೂ ನುಡಿಸುತ್ತಿದ್ದ ಜ್ಯಾಬ್ ಜೋನ್ಸ್ ಈ ಮೂವರದೂ ಒಂದು ಜಗ್ ಬ್ಯಾಂಡೇ ಆಗಿತ್ತು. ಹೀಗಿರುವಾಗ ಆ ಊರಿನ ಜಗ್ ಬ್ಯಾಂಡಿನವರು ಮ್ಯಾಂಡೊಲಿನ್ ಹಿಡಿದವರನ್ನು ಮರ್ಯಾದೆಗೆ ಕರೆಯುತ್ತಾರೆಂದು ನನಗನ್ನಿಸುವುದಿಲ್ಲ. ಬಹುಶಃ ಕಾಯುತ್ತಿದ್ದಾರೆ.

ರೇಚೆಲ್ ತಮ್ಮ ಮೊದಲ ಮ್ಯಾಂಡೊಲಿನ್ ಸಿಕ್ಕ ಬಗೆಯನ್ನು ಕೊನೆಯವರೆಗೂ ಹೇಳಿಕೊಂಡು ನಗುತ್ತಿದ್ದರು. ಸಾಕಿಕೊಳ್ಳಲೆಂದು ತಾಯಿ ಕೊಟ್ಟಿದ್ದ ಹಂದಿಮರಿಯನ್ನು ಆ ಹುಡುಗ ನೆರೆಯವನ ಮ್ಯಾಂಡೊಲಿನ್‌ಗೆ ಅದಲುಬದಲು ಮಾಡಿಕೊಂಡು ಬಂದ. ಸುಗ್ಗಿಯ ಕಾಲಕ್ಕೆ ಮನೆಯವರೆಲ್ಲ ಹಂದಿಮಾಂಸ ಉಣ್ಣುವಾಗ ನೀನು ಆ ಡಬ್ಬವನ್ನೇ ತಿನ್ನು ಎಂದು ತಾಯಿ ಗದರಿದಳಂತೆ. ಪಾಠ ಹೇಳಿಕೊಡುವವರು ಯಾರೂ ಇರಲಿಲ್ಲ. ಕುಣಿತದ ಕೂಟಗಳಲ್ಲಿ ದೊಡ್ಡವರ ಪಕ್ಕ ಕುಳಿತು ಹಿಡಿದುಕೊಂಡದ್ದೇ ವಿದ್ಯೆ. ನೀವೂ ಅದನ್ನೇ ಮಾಡಬೇಕಾಗುತ್ತದೆ, ಮೂಲೆಯ ಕುರ್ಚಿ ಬಿಟ್ಟು ವೃತ್ತದೊಳಕ್ಕೆ ಬರಬೇಕು, ಅಷ್ಟೇ.

ಈ ಸಂಗೀತ ಎಲ್ಲಿಂದ ಬಂತೆಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ನಿಮ್ಮಲ್ಲಿಂದ ಸುಮಾರು 180 ಕಿಲೋಮೀಟರ್ ದಕ್ಷಿಣಕ್ಕಿರುವ ಲೂಯಿವಿಲ್ ನಗರದಲ್ಲಿ, 20ನೇ ಶತಮಾನದ ಆರಂಭದಲ್ಲಿ, ಕಪ್ಪು ಜನಾಂಗದ ಸಂಗೀತಗಾರರು ಖಾಲಿ ವಿಸ್ಕಿ ಹೂಜಿಗೆ ಬಾಯಿಟ್ಟು ಊದುತ್ತ ಬೀದಿಗಳಲ್ಲೂ ಕುದುರೆ ಪಂದ್ಯದ ದಿನಗಳ ಸಂದಣಿಯಲ್ಲೂ ನುಡಿಸುತ್ತಿದ್ದರು. ಅರ್ಲ್ ಮೆಕ್‌ಡೊನಾಲ್ಡ್ ಅವರಲ್ಲಿ ಹೆಸರಾದವರು. ಗಾಯಕಿ ಸಾರಾ ಮಾರ್ಟಿನ್ ಅವರ ಹಾಡುಗಳ ಜೊತೆಗೆ 1924ರಲ್ಲಿ ಈ ಹೂಜಿಯ ಸದ್ದು ಮೊದಲ ಬಾರಿಗೆ ಗ್ರಾಮಫೋನ್ ತಟ್ಟೆಗೆ ಇಳಿಯಿತು. ಮೆಂಫಿಸ್‌ನ ಬೀಲ್ ಸ್ಟ್ರೀಟಿನಲ್ಲಿ ವಿಲ್ ಶೇಡ್ ಕಟ್ಟಿದ ಮೆಂಫಿಸ್ ಜಗ್ ಬ್ಯಾಂಡ್ 1927ರ ಫೆಬ್ರವರಿಯಲ್ಲಿ ಧ್ವನಿಮುದ್ರಣ ಆರಂಭಿಸಿತು. ಲೂಯಿವಿಲ್‌ನವರದು ಜಾಜ್ ಕಡೆಗೆ ವಾಲಿದ ನಯವಾದ ನುಡಿಸಾಣಿಕೆ, ಮೆಂಫಿಸ್‌ನವರದು ಬ್ಲೂಸ್‌ನ ಒರಟು ನೇಯ್ಗೆ. ಎರಡರಲ್ಲಿ ನನ್ನ ಒಲವು ಮೆಂಫಿಸ್ ಕಡೆಗೇ. ಆ ಬ್ಯಾಂಡಿನಲ್ಲಿ ವೋಲ್ ಸ್ಟೀವನ್ಸ್ ಎಂಬವರು ಮ್ಯಾಂಡೊಲಿನ್ನನ್ನೂ, ಬ್ಯಾಂಜೊದ ಒಡಲಿಗೆ ಮ್ಯಾಂಡೊಲಿನ್ನಿನ ಕತ್ತು ಜೋಡಿಸಿದ ಬ್ಯಾಂಜೊ–ಮ್ಯಾಂಡೊಲಿನ್ನನ್ನೂ ನುಡಿಸುತ್ತಿದ್ದರು. ಗಲಾಟೆಯ ಬೀದಿಯಲ್ಲಿ ಕೇಳಿಸಬೇಕಾದರೆ ಚರ್ಮ ಬಿಗಿದ ಒಡಲೇ ವಾಸಿ ಎಂಬುದು ಅದರ ಹಿಂದಿನ ಲೆಕ್ಕ.

ಇನ್ನು ನಿಮ್ಮ ಕೈಯ ವಿಷಯ. ಮ್ಯಾಂಡೊಲಿನ್‌ಗೆ ಎಂಟು ತಂತಿಗಳು, ಎರಡೆರಡರಂತೆ ನಾಲ್ಕು ಜೋಡಿ. ದಪ್ಪ ತಂತಿಯಿಂದ ಎಣಿಸಿದರೆ ಜಿ, ಡಿ, ಎ, ಇ ಎಂಬ ಶ್ರುತಿ, ಪ್ರತಿ ಜೋಡಿಯೂ ಹಿಂದಿನದಕ್ಕೆ ಪಂಚಮ. ಪಾಶ್ಚಾತ್ಯ ಪಿಟೀಲಿಗೂ ಇದೇ ಶ್ರುತಿ. ನೀವು ಕಲಿತದ್ದು ಮಾತ್ರ ಸ–ಪ–ಸ–ಪ. ಅದರಲ್ಲಿ ಕೆಳಗಿನ ಎರಡು ತಂತಿಗಳ ನಡುವೆಯೂ ಮೇಲಿನ ಎರಡರ ನಡುವೆಯೂ ಪಂಚಮದ ಅಂತರ ಇರುತ್ತದೆ, ನಡುವೆ ಪದಿಂದ ಸಕ್ಕೆ ದಾಟುವಾಗ ಮಾತ್ರ ಮಧ್ಯಮದ ಅಂತರ. ಆದ್ದರಿಂದ ನಿಮ್ಮ ಬೆರಳುಗಳು ಮೊದಲ ಎರಡು ಜೋಡಿಗಳ ಮೇಲೆ ಮನೆಗೆ ಬಂದಂತೆ ಓಡಾಡಿ, ಡಿಯಿಂದ ಎಗೆ ದಾಟಿದ ಕೂಡಲೇ ದಾರಿ ತಪ್ಪುತ್ತವೆ. ಮೊದಲ ತಿಂಗಳು ಇದರಿಂದ ಕಣ್ಣಲ್ಲಿ ನೀರು ಬಂದರೂ ಬರಬಹುದು. ನನ್ನ ಸಲಹೆ: ಸರಳೆ ಜಂಟಿಗಳನ್ನು ಮ್ಯಾಂಡೊಲಿನ್ನಿನಲ್ಲಿ ನುಡಿಸಲು ಹೋಗಬೇಡಿ. ಹೋದರೆ ಹಳೆಯ ನೆನಪು ಬೆರಳಿಗೆ ಮತ್ತೆ ಮತ್ತೆ ತಪ್ಪು ದಾರಿಯನ್ನೇ ತೋರಿಸುತ್ತದೆ. ಹೊಸ ವಾದ್ಯವನ್ನು ಹೊಸ ಕೆಲಸದಿಂದಲೇ ಆರಂಭಿಸಿ.

ಆ ಹೊಸ ಕೆಲಸವೆಂದರೆ ಕಾರ್ಡ್, ಅಂದರೆ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟುವುದು. ಜಿ ಕಾರ್ಡಿಗೆ ಎ ಜೋಡಿಯ ಎರಡನೆಯ ಮೆಟ್ಟಿನ (ಫ್ರೆಟ್) ಮೇಲೆ ತೋರುಬೆರಳು, ಇ ಜೋಡಿಯ ಮೂರನೆಯ ಮೆಟ್ಟಿನ ಮೇಲೆ ಮಧ್ಯದ ಬೆರಳು, ಉಳಿದೆರಡು ಜೋಡಿಗಳು ಬಿಡು ತಂತಿಗಳು, ಅಂದರೆ ಒತ್ತದೆ ಬಿಟ್ಟವು. ಅದೇ ಎರಡು ಬೆರಳುಗಳನ್ನು ಹಾಗೆಯೇ ಒಂದು ಜೋಡಿ ಮೇಲಕ್ಕೆ, ಡಿಯ ಎರಡು ಮತ್ತು ಎಯ ಮೂರನೆಯ ಮೆಟ್ಟಿಗೆ ಸರಿಸಿದರೆ ಸಿ ಕಾರ್ಡ್ ಸಿಗುತ್ತದೆ. ಹೊರಗಿನ ಜಿ ಮತ್ತು ಇ ಜೋಡಿಗಳೆರಡನ್ನೂ ಎರಡನೆಯ ಮೆಟ್ಟಿನಲ್ಲಿ ಒತ್ತಿ ಒಳಗಿನ ಎರಡನ್ನು ಬಿಟ್ಟರೆ ಡಿ. ಎರಡೇ ಬೆರಳು, ಮೂರು ಆಕಾರ. ಜಿ ಎಂಬುದು ನಮ್ಮ ಗಾಯಕಿಯರು ಹಾಡುವ ಐದರ ಶ್ರುತಿಯೇ ಆದ್ದರಿಂದ ಷಡ್ಜ ಎಲ್ಲಿದೆಯೆಂದು ನಿಮ್ಮ ಕಿವಿಗೆ ಹುಡುಕಾಟವೂ ಇರುವುದಿಲ್ಲ.

ಈಗ ತಾಳ. ಬ್ಲೂಸ್ ಹಾಡಿನ ಸಾಮಾನ್ಯ ಚೌಕಟ್ಟಿಗೆ ಹನ್ನೆರಡು ಮನೆ, ಮನೆಗೆ ನಾಲ್ಕು ಎಣಿಕೆ. ಒಟ್ಟು ನಲವತ್ತೆಂಟು, ಅಂದರೆ ಆದಿತಾಳದ ಆರು ಆವರ್ತ. ಮೊದಲ ನಾಲ್ಕು ಮನೆ ಜಿಯಲ್ಲಿ, ಮುಂದಿನ ಎರಡು ಸಿಯಲ್ಲಿ, ಮತ್ತೆರಡು ಜಿಯಲ್ಲಿ, ಆಮೇಲೆ ಡಿ ಒಂದು, ಸಿ ಒಂದು, ಕೊನೆಯ ಎರಡು ಮನೆ ಜಿಗೆ ಮರಳಿ, ಕೊನೆಯದರಲ್ಲಿ ಬೇಕಾದರೆ ಡಿಯನ್ನು ತಟ್ಟಿ ಮತ್ತೆ ತಲೆಗೆ ಬರುವುದು. ತೊಡೆಯ ಮೇಲೆ ತಾಳ ಹಾಕಿಕೊಂಡು, ವಾದ್ಯ ಮುಟ್ಟದೆ, ಕಾರ್ಡುಗಳ ಹೆಸರನ್ನು ಬಾಯಲ್ಲಿ ಹೇಳುತ್ತ ಹತ್ತು ಸುತ್ತು ಬನ್ನಿ. ವರ್ಣದವರೆಗೆ ಕಲಿತವರಿಗೆ ಇದು ಒಂದು ಸಂಜೆಯ ಕೆಲಸ. ಗುರುವಾರ ನಿಮಗೆ ಅರ್ಥವಾಗದೆ ಉಳಿದದ್ದು ಇದೇ ಇರಬೇಕು. ಅವರಿಗೆ ಸ್ವರಲಿಪಿ ಬೇಡವಾಗಿರುವುದು ಎಲ್ಲರ ತಲೆಯಲ್ಲೂ ಈ ಹನ್ನೆರಡು ಮನೆಗಳ ನಕ್ಷೆ ಇರುವುದರಿಂದ. ಎಲ್ಲ ಹಾಡುಗಳೂ ಈ ನಕ್ಷೆಗೆ ಕೂರುವುದಿಲ್ಲ. ಎಂಟು ಮನೆಯವೂ ಇವೆ, ರ‍್ಯಾಗ್‌ಟೈಮ್‌ನಿಂದ (ಹಳೆಯ ಅಮೆರಿಕನ್ ಪಿಯಾನೊ ಶೈಲಿ) ಬಂದ ಬೇರೆ ಸುತ್ತುಗಳೂ ಇವೆ. ಅವನ್ನು ಎದುರಿಗಿರುವ ಗಿಟಾರಿನವರ ಎಡಗೈ ನೋಡಿ ಹಿಡಿಯಬೇಕು.

ಇನ್ನೊಂದು ಮಾತು ಬಹಳ ಮುಖ್ಯ, ಅದನ್ನು ನಾನು ಅವಮಾನಪಟ್ಟು ಕಲಿತೆ. ಬ್ಲೂಸ್ ಪದ್ಯಕ್ಕೆ ಮೂರು ಸಾಲು: ಮೊದಲ ಸಾಲನ್ನು ಹಾಡಿ, ಅದನ್ನೇ ಇನ್ನೊಮ್ಮೆ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಒಂದೊಂದು ಸಾಲಿಗೂ ನಾಲ್ಕು ಮನೆ, ಮಾತು ಮುಗಿಯುವುದು ಸುಮಾರು ಎರಡು ಮನೆಗಳಲ್ಲಿ. ಉಳಿದ ಎರಡು ಮನೆ ಖಾಲಿ ಜಗಲಿ ಇದ್ದಂತೆ, ಅಲ್ಲಿ ಮ್ಯಾಂಡೊಲಿನ್ ಮಾತಾಡಬಹುದು. ನಾನು ಮೊದಲ ಸಲ ಇಂಥ ಕೂಟಕ್ಕೆ ಹೋದಾಗ, ಗಾಯಕರು ಬಾಯಿ ತೆರೆದಾಗಲೂ ಮುಚ್ಚಿದಾಗಲೂ ಒಂದೇ ಸಮನೆ, ಕಚೇರಿಯಲ್ಲಿ ಪಕ್ಕವಾದ್ಯದವರು ಅನುಸರಿಸುವಂತೆ ಹಿಂದೆ ಹಿಂದೆಯೇ ನುಡಿಸುತ್ತ ಹೋದೆ. ಪಕ್ಕದಲ್ಲಿ ತೊಟ್ಟಿಯ ಬಾಸ್ (ತಗಡಿನ ತೊಟ್ಟಿಗೆ ಹಗ್ಗ ಕಟ್ಟಿದ ಕೆಳಸ್ಥಾಯಿಯ ವಾದ್ಯ) ನುಡಿಸುತ್ತಿದ್ದ ಹಿರಿಯರೊಬ್ಬರು ತಮ್ಮ ಹಗ್ಗವನ್ನು ಬಿಡದೆಯೇ, ಇನ್ನೊಂದು ಕೈಯನ್ನು ಚಾಚಿ ನನ್ನ ತಂತಿಗಳ ಮೇಲೆ ಅಂಗೈಯನ್ನು ಮೆಲ್ಲಗೆ ಇಟ್ಟರು. ಸದ್ದು ನಿಂತಿತು. ಗಾಯಕರ ಸಾಲು ಮುಗಿಯುವವರೆಗೆ ಅಂಗೈ ಅಲ್ಲೇ ಇತ್ತು, ಸಾಲು ಮುಗಿದೊಡನೆ ತೆಗೆದರು. ಮತ್ತೆ ಸಾಲು ಬಂದಾಗ ಮತ್ತೆ ಇಟ್ಟರು. ಮೂರನೆಯ ಸಲ ಅಂಗೈ ಬರುವ ಮೊದಲೇ ನಾನು ನಿಲ್ಲಿಸಿದೆ. ಅವರು ನನ್ನ ಕಡೆ ನೋಡಲೂ ಇಲ್ಲ, ನಾನು ಆ ರಾತ್ರಿ ಊಟದ ಹೊತ್ತಿಗೂ ಬೆವರುತ್ತಿದ್ದೆ. ನಮ್ಮ ಪಕ್ಕವಾದ್ಯದ ಧರ್ಮ ಗಾಯನದ ನೆರಳಾಗುವುದು. ಇಲ್ಲಿ ನೆರಳು ಬೇಡ, ಸರದಿಯ ಮಾತು ಬೇಕು. ಪಿಟೀಲು ಕಲಿತ ನಮಗೆ ಬೆರಳಿನ ತೊಂದರೆಗಿಂತ ದೊಡ್ಡ ತೊಂದರೆ ಇದೇ. ಮೊದಲ ಮೂರು ತಿಂಗಳು ಹಾಡುವಾಗ ಕಾರ್ಡು ಬಿಟ್ಟು ಬೇರೇನನ್ನೂ ನುಡಿಸಬಾರದೆಂದು ನಿಮಗೆ ನೀವೇ ಕಟ್ಟು ಹಾಕಿಕೊಳ್ಳಿ. ಎರಡು ಮತ್ತು ನಾಲ್ಕನೆಯ ಎಣಿಕೆಗೆ ಒತ್ತು ಕೊಟ್ಟು, ಮೀಟಿದ ಕೂಡಲೇ ಎಡಗೈಯ ಒತ್ತಡವನ್ನು ತುಸು ಸಡಿಲಿಸಿ ಸದ್ದನ್ನು ಕತ್ತರಿಸಿದರೆ, ನಿಮ್ಮ ಮ್ಯಾಂಡೊಲಿನ್ ಅರ್ಧ ತಾಳವಾದ್ಯವಾಗುತ್ತದೆ. ಒಗೆಯುವ ಹಲಗೆಯವರು ನಿಮ್ಮನ್ನು ನೋಡಿ ನಗುತ್ತಾರೆ, ಒಳ್ಳೆಯ ರೀತಿಯಲ್ಲಿ.

ಆ ಖಾಲಿ ಎರಡು ಮನೆಗಳಲ್ಲಿ ಏನು ನುಡಿಸಬೇಕು ಎಂದು ಕೇಳುವಿರಿ. ನಮ್ಮ ಲೆಕ್ಕದಲ್ಲಿ ಹೇಳಿದರೆ ಬ್ಲೂಸ್‌ನ ಸ್ವರಗಳು ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ್ರತಿ ಮಧ್ಯಮದ ಒಂದು ಸೋಂಕು, ಪ, ಕೈಶಿಕಿ ನಿಷಾದ. ಆದರೆ ಇದರ ಜೀವ ಇರುವುದು ಸಾಧಾರಣಕ್ಕೂ ಅಂತರಕ್ಕೂ ನಡುವೆ ನಿಲ್ಲುವ ಒಂದು ಗಾಂಧಾರದಲ್ಲಿ. ಪಿಟೀಲಿನಲ್ಲಾದರೆ ಬೆರಳು ಜಾರಿಸಿ ಅಲ್ಲಿ ನಿಲ್ಲಬಹುದಿತ್ತು. ಮ್ಯಾಂಡೊಲಿನ್‌ಗೆ ಮೆಟ್ಟುಗಳಿವೆ, ಜೋಡಿ ತಂತಿಗಳು ಬಿಗಿಯಾಗಿದ್ದು ಎಳೆದರೂ ಹೆಚ್ಚು ಬಗ್ಗುವುದಿಲ್ಲ. ಅದಕ್ಕೇ ಹಳಬರು ಎರಡು ಮೆಟ್ಟುಗಳ ನಡುವೆ ಜಗಳ ಹಚ್ಚುವ ಉಪಾಯ ಕಂಡುಕೊಂಡರು: ಎ ಜೋಡಿಯ ಮೊದಲ ಮೆಟ್ಟನ್ನು ಮೀಟಿ, ಸದ್ದು ಆರುವ ಮೊದಲೇ ಎರಡನೆಯ ಮೆಟ್ಟಿನ ಮೇಲೆ ಬೆರಳನ್ನು ಬಡಿದು ಅಥವಾ ಜಾರಿಸಿ, ಮೇಲಿನ ಬಿಡು ಇ ತಂತಿಯನ್ನೂ ಅದರೊಂದಿಗೆ ಸೇರಿಸಿಬಿಡುವುದು. ನಿಮ್ಮ ಗಮಕದ ಅಭ್ಯಾಸ ಇಲ್ಲಿ ನೆರವಿಗೆ ಬರುತ್ತದೆ, ಆದರೆ ಅದನ್ನು ಉಪ್ಪಿನಂತೆ ಬಳಸಿ. ಉದ್ದ ಸ್ವರ ಬೇಕಾದಾಗ ಟ್ರೆಮೊಲೊ, ಅಂದರೆ ಮೀಟುಗವನ್ನು ಮೇಲೆ ಕೆಳಗೆ ಎಡೆಬಿಡದೆ ಆಡಿಸುವುದು. ಮೊಣಕೈ ಬಿಗಿದುಕೊಳ್ಳದೆ ಮಣಿಕಟ್ಟಿನಿಂದಲೇ ಆಡಿಸಿದರೆ ಕೈ ನೋಯುವುದಿಲ್ಲ.

ಸರದಿ ನಿಮ್ಮ ಕಡೆಗೆ ಬಂದಾಗ, ಸಾಮಾನ್ಯವಾಗಿ ಹಾಡುವವರು ಕಣ್ಣಿನಲ್ಲೇ ಕೇಳುತ್ತಾರೆ. ಇನ್ನೂ ಸಿದ್ಧವಿಲ್ಲದಿದ್ದರೆ ತಲೆಯಾಡಿಸಿ ಮುಂದಿನವರಿಗೆ ಬಿಡಿ. ಅದಕ್ಕೆ ಯಾರೂ ಬೇಸರಪಡುವುದಿಲ್ಲ. ಹನ್ನೆರಡು ಮನೆ ಬದಲು ಹದಿಮೂರು ಮನೆ ನುಡಿಸಿದರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ.

ಪ್ರಶ್ನೆ: ಜಗ್ ಬ್ಯಾಂಡಿನ ಹೂಜಿ ನಮ್ಮ ಘಟವೇ ಅಲ್ಲವೇ? ಘಟವೇ ಅಲ್ಲಿಗೆ ಹೋಗಿರಬಹುದೇ? ಅದರೊಳಗೆ ನೀರು ತುಂಬುತ್ತಾರೆಯೇ?
— ಓದುಗರೊಬ್ಬರು, ತುಮಕೂರು

ಉತ್ತರ: ಅಲ್ಲ, ಹೋಗಿಲ್ಲ, ತುಂಬುವುದಿಲ್ಲ. ಘಟ ಬೆರಳಿನಿಂದಲೂ ಅಂಗೈಯಿಂದಲೂ ತಟ್ಟಿ ನುಡಿಸುವ ತಾಳವಾದ್ಯ. ಹೂಜಿ ಊದುವ ವಾದ್ಯ, ಬ್ಯಾಂಡಿನಲ್ಲಿ ಅದರ ಕೆಲಸ ಕೆಳಸ್ಥಾಯಿಯ ಸ್ವರಗಳನ್ನು ಕೊಡುವುದು. ಖಾಲಿ ಸೀಸೆಯ ಅಂಚಿಗೆ ಗಾಳಿ ಊದಿ ಮಕ್ಕಳು ಹೊರಡಿಸುವ ಸಿಳ್ಳೆಯಂಥ ಸದ್ದೂ ಇದಲ್ಲ. ಕಹಳೆ ಊದುವವರಂತೆ ತುಟಿಗಳನ್ನು ಬಿಗಿದು ನಡುಗಿಸಿ ಬುರ್ರೆನ್ನಿಸಬೇಕು. ಹೂಜಿಯ ಬಾಯನ್ನು ತುಟಿಗೆ ತಾಗಿಸದೆ ಸ್ವಲ್ಪ ದೂರ ಹಿಡಿದರೆ ಒಳಗಿನ ಗಾಳಿ ಆ ನಡುಕಕ್ಕೆ ದನಿಗೂಡಿಸಿ ದಪ್ಪ ಮಾಡುತ್ತದೆ. ಸ್ವರದ ಏರಿಳಿತವೆಲ್ಲ ತುಟಿಯಲ್ಲೇ ಇದೆ, ಹೂಜಿಯಲ್ಲಿ ಅಲ್ಲ. ಸುಮಾರು ನಾಲ್ಕು ಲೀಟರು ಹಿಡಿಯುವ, ಅಲ್ಲಿನವರು ಗ್ಯಾಲನ್ ಹೂಜಿ ಎನ್ನುವ ಅಳತೆ ಸಾಮಾನ್ಯ. ಆರಂಭಿಗರಿಗೆ ಎರಡು ಹಾಡಿನೊಳಗೇ ತಲೆ ಸುತ್ತುತ್ತದೆ, ಆದ್ದರಿಂದ ಕುಳಿತು ಊದುವುದು ಒಳ್ಳೆಯದು. ಮೆಂಫಿಸ್‌ನ ಗಸ್ ಕ್ಯಾನನ್ ಹೂಜಿಯನ್ನು ಕೊರಳಿಗೆ ಕಟ್ಟಿಕೊಂಡು, ಅದನ್ನು ಊದುತ್ತಲೇ ಕೈಯಲ್ಲಿ ಬ್ಯಾಂಜೊ ನುಡಿಸುತ್ತಿದ್ದರು. ಅವರ ಬ್ಯಾಂಡು 1929ರಲ್ಲಿ ಮುದ್ರಿಸಿದ್ದ ಒಂದು ಹಾಡನ್ನು 1963ರಲ್ಲಿ ಬೇರೆಯವರು ಹಾಡಿದಾಗ ಅದು ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಆಗ ಕ್ಯಾನನ್ ಎಪ್ಪತ್ತು ದಾಟಿದ್ದರು.

ಪ್ರಶ್ನೆ: ಯು. ಶ್ರೀನಿವಾಸ್ ಅವರು ನುಡಿಸುತ್ತಿದ್ದ ಮ್ಯಾಂಡೊಲಿನ್ನಿನಲ್ಲೇ ಬ್ಲೂಸ್ ನುಡಿಸಬಹುದೇ?
— ಸಂಗೀತದ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನುಡಿಸಬಹುದು, ಆದರೆ ಜಗ್ ಬ್ಯಾಂಡಿನಲ್ಲಿ ಅಲ್ಲ. ಅವರು ಆರಿಸಿಕೊಂಡದ್ದು ವಿದ್ಯುತ್ ಮ್ಯಾಂಡೊಲಿನ್. ಅದರಲ್ಲಿ ಜೋಡಿ ತಂತಿಗಳನ್ನು ಕೈಬಿಟ್ಟು ಒಂಟಿ ತಂತಿಗಳನ್ನು ಹಾಕಿಸಿ, ಐದನೆಯದೊಂದನ್ನು ಸೇರಿಸಿಕೊಂಡರು. ಗಮಕಕ್ಕೆ ತಂತಿ ಬಗ್ಗಬೇಕು, ಮಂದ್ರಸ್ಥಾಯಿಗೆ ಎಡೆ ಬೇಕು, ಸ್ವರ ಉದ್ದಕ್ಕೆ ನಿಲ್ಲಬೇಕು, ಈ ಮೂರಕ್ಕೂ ಅದರಿಂದ ದಾರಿಯಾಯಿತು. ಜಗ್ ಬ್ಯಾಂಡಿಗೆ ಬೇಕಾದದ್ದು ಇದಕ್ಕೆ ತಿರುಗುಮುರುಗು: ಜೋಡಿ ತಂತಿಗಳ ಕಿಣಿಕಿಣಿ, ಬೇಗ ಆರುವ ಸದ್ದು, ವಿದ್ಯುತ್ತಿಲ್ಲದೆ ಮೂಲೆಯವರೆಗೆ ಕೇಳಿಸುವ ಚೂಪು. ಒಂದೇ ವಾದ್ಯವನ್ನು ಎರಡು ಸಂಗೀತಗಳು ಎರಡು ದಿಕ್ಕಿಗೆ ಎಳೆದುಕೊಂಡು ಹೋಗಿವೆ.

ಪ್ರಶ್ನೆ: ಮ್ಯಾಂಡೊಲಿನ್ ಕೊಳ್ಳಬೇಕೆಂದಿದ್ದೇನೆ. ದುಂಡು ಬೆನ್ನಿನದೋ, ಚಪ್ಪಟೆಯದೋ? ಕೊಳ್ಳುವಾಗ ಏನು ನೋಡಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಬ್ಲೂಸ್‌ಗಾದರೆ ಚಪ್ಪಟೆ ಬೆನ್ನಿನದನ್ನೇ ಕೊಳ್ಳಿ. ದುಂಡು ಬೆನ್ನಿನ ಇಟಲಿಯ ಮಾದರಿ ತೊಡೆಯ ಮೇಲೆ ಜಾರುತ್ತಲೇ ಇರುತ್ತದೆ. ಸುರುಳಿ ಕೊರೆದ ಎಫ್ ಮಾದರಿಗೆ ಹಣ ಹೆಚ್ಚು, ಹನಿಯಾಕಾರದ ಎ ಮಾದರಿಯಲ್ಲಿ ಅದೇ ಕೆಲಸ ಕಡಿಮೆ ಹಣಕ್ಕೆ ಆಗುತ್ತದೆ.

ನೋಡಬೇಕಾದುದು ಹೊಳಪನ್ನಲ್ಲ, ತಂತಿಯ ಎತ್ತರವನ್ನು. ಹನ್ನೆರಡನೆಯ ಮೆಟ್ಟಿನ ಮೇಲೆ ತಂತಿಗೂ ಮೆಟ್ಟಿಗೂ ಎರಡು ಮಿಲಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಬೆರಳು ಸೋಲುತ್ತದೆ. ನನ್ನ ಮೊದಲ ಮ್ಯಾಂಡೊಲಿನ್ನನ್ನು ನಗರದ ಒಂದು ಅಂಗಡಿಯಲ್ಲಿ ಕೊಂಡಾಗ ಅಂತರ ಇದರ ಸುಮಾರು ಎರಡರಷ್ಟಿತ್ತು. 'ಅಭ್ಯಾಸವಾದರೆ ಸರಿಹೋಗುತ್ತದೆ ಸಾರ್' ಎಂದರು. ಸರಿಹೋಗಲಿಲ್ಲ, ಬೆರಳ ತುದಿಗಳಲ್ಲಿ ಎರಡೆರಡು ಗೆರೆ ಬಿದ್ದು ರಕ್ತ ಒಸರಿತು. ಕೊನೆಗೆ ವೀಣೆ ರಿಪೇರಿಯವರೊಬ್ಬರು ಕುದುರೆಯ, ಅಂದರೆ ಒಡಲಿನ ಮೇಲೆ ತಂತಿಗಳನ್ನು ಹೊರುವ ಸೇತುವೆಯ, ಕಚ್ಚುಗಳನ್ನು ಅರದಿಂದ ಉಜ್ಜಿ ಅರ್ಧ ಗಂಟೆಯಲ್ಲಿ ಸರಿಪಡಿಸಿಕೊಟ್ಟರು. ಇನ್ನೊಂದು: ಎ ಮತ್ತು ಎಫ್ ಮಾದರಿಗಳಲ್ಲಿ ಕುದುರೆ ಅಂಟಿಸಿದ್ದಲ್ಲ, ತಂತಿಗಳ ಒತ್ತಡದಿಂದ ನಿಂತಿರುತ್ತದೆ. ಎಂಟೂ ತಂತಿಗಳನ್ನು ಒಟ್ಟಿಗೆ ಬಿಚ್ಚಿದರೆ ಅದು ಮಡಿಲಿಗೆ ಬೀಳುತ್ತದೆ, ಅದು ಮುರಿದದ್ದಲ್ಲ, ಗಾಬರಿಯಾಗಬೇಡಿ. ಒಂದೊಂದಾಗಿ ಬದಲಿಸಿ. ಬಿಡು ತಂತಿಯ ಸ್ವರಕ್ಕೂ ಹನ್ನೆರಡನೆಯ ಮೆಟ್ಟಿನ ಸ್ವರಕ್ಕೂ ಸರಿಯಾಗಿ ಒಂದು ಸ್ಥಾಯಿಯ ಅಂತರ ಬರುವವರೆಗೆ ಕುದುರೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ಆಮೇಲೆ ಅದರ ಪಾದದ ಬಳಿ ಪೆನ್ಸಿಲಿನಿಂದ ಗುರುತು ಮಾಡಿಟ್ಟುಕೊಳ್ಳಿ.

ಪ್ರಶ್ನೆ: ಈ ಹಾಡುಗಳಲ್ಲಿ ಕುಡಿತ, ಕೊಕೇನು, ಹೆಂಗಸರ ಬಗ್ಗೆ ಹಗುರ ಮಾತು ಎಲ್ಲ ಇವೆ. ಹೂಜಿ, ತೊಟ್ಟಿಗಳನ್ನು ನುಡಿಸುವುದೇ ಕಪ್ಪು ಜನರನ್ನು ಗೇಲಿ ಮಾಡಿದಂತೆ ಎಂದೂ ಓದಿದೆ. ಭಾರತೀಯರಾದ ನಾವು ಇದನ್ನು ಹಾಡುವುದು ಸರಿಯೇ?
— ಉಪನ್ಯಾಸಕಿ, ಮಂಗಳೂರು

ಉತ್ತರ: ನಿಮ್ಮ ಅಳುಕಿಗೆ ಕಾರಣವಿದೆ. ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ರಂಗಪ್ರದರ್ಶನಗಳು ಅಮೆರಿಕದಲ್ಲಿ ಬಹಳ ಕಾಲ ನಡೆದವು. ಔಷಧಿ ಮಾರುವ ಸಂಚಾರಿ ತಂಡಗಳಲ್ಲಿ ಜನ ಸೇರಿಸಲು ಕಪ್ಪು ಸಂಗೀತಗಾರರೂ ಆ ಬಗೆಯ ಹಾಸ್ಯವನ್ನು ಆಡಬೇಕಾಯಿತು. ಕ್ಯಾನನ್ ಅಂಥ ತಂಡಗಳಲ್ಲಿ ದುಡಿದವರು. 1932ರಲ್ಲಿ ಮೆಂಫಿಸ್ ಜಗ್ ಬ್ಯಾಂಡಿನ ಕೆಲವು ತಟ್ಟೆಗಳು, ಕಪ್ಪು ಮಕ್ಕಳನ್ನು ಹೀಯಾಳಿಸುವ ಪದವೊಂದನ್ನು ಅಂಟಿಸಿದ ಬೇರೆ ಹೆಸರಿನಲ್ಲಿ ಮಾರಾಟವಾದವು. ಇದಿಷ್ಟೂ ನಿಜ. ಆದರೆ ಹೂಜಿಯನ್ನೇ ಗೇಲಿಯೆಂದರೆ, ಅದರಿಂದ ಹೊಟ್ಟೆ ಹೊರೆದು, ಅದರಲ್ಲಿ ಪಳಗಿ, ಏಳೆಂಟು ವರ್ಷಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಹಾಡುಗಳನ್ನು ಮುದ್ರಿಸಿದ ವಿಲ್ ಶೇಡ್ ಅಂಥವರ ಕೌಶಲವನ್ನೇ ಅಲ್ಲಗಳೆದಂತಾಗುತ್ತದೆ. ಗೇಲಿ ಆಗುವುದು ನುಡಿಸುವವರು ಹರಿದ ಟೋಪಿ, ಹಲ್ಲು ಕಪ್ಪಾಗಿಸಿದ ವೇಷ ತೊಟ್ಟು ಕೋಡಂಗಿಯಾಟ ಆಡಿದಾಗ. ಅದನ್ನು ಮಾಡಬೇಡಿ. ಉಚ್ಚಾರಣೆಯನ್ನು ಅನುಕರಿಸಬೇಡಿ, ನಿಮ್ಮ ದನಿಯಲ್ಲೇ ಹಾಡಿ. ಹಾಡುವ ಮೊದಲು ಇದು ಯಾರದು, ಯಾವ ಊರಿನದು, ಯಾವ ವರ್ಷದ್ದು ಎಂದು ಒಂದು ವಾಕ್ಯ ಹೇಳಿ. ಮಕ್ಕಳಿರುವ ಕಡೆ ಕೊಕೇನಿನ ಹಾಡು ಬೇಡವೆನಿಸಿದರೆ ಬಿಟ್ಟುಬಿಡಿ, ಕುಣಿತದ ಹಾಡುಗಳು ಬೇಕಾದಷ್ಟಿವೆ. ಈ ಸಂಗೀತವನ್ನು ಬರೀ ಗಂಡಸರ ಹರಟೆಯೆಂದೂ ತಿಳಿಯಬೇಡಿ. ಗಾಯಕಿ ಹ್ಯಾಟಿ ಹಾರ್ಟ್ ಮೆಂಫಿಸ್ ಜಗ್ ಬ್ಯಾಂಡಿನೊಂದಿಗೆ ಹಾಡಿದರು, ಇನ್ನೊಬ್ಬ ಗಾಯಕಿ ಮೆಂಫಿಸ್ ಮಿನ್ನಿ 1930ರಲ್ಲಿ ಅದೇ ಬ್ಯಾಂಡಿನೊಂದಿಗೆ ಮುದ್ರಿಸಿದರು.

ಪ್ರಶ್ನೆ: ನಾವು ಐವರು ಗೆಳೆಯರು ಎಂಜಿನಿಯರಿಂಗ್ ಓದುತ್ತಿದ್ದೇವೆ. ಒಬ್ಬನಿಗೆ ಗಿಟಾರು ಬರುತ್ತದೆ, ಒಬ್ಬನ ಬಳಿ ಅಜ್ಜನ ಮ್ಯಾಂಡೊಲಿನ್ ಇದೆ. ಉಳಿದ ವಾದ್ಯಗಳನ್ನು ಮನೆಯ ಸಾಮಾನಿನಿಂದ ಮಾಡಿಕೊಂಡು ಜಗ್ ಬ್ಯಾಂಡ್ ಕಟ್ಟಬೇಕೆಂದಿದ್ದೇವೆ. ಶರೀಫರ ತತ್ವಪದಗಳನ್ನು ಬ್ಲೂಸ್‌ನಲ್ಲಿ ಹಾಡಿದರೆ ಹೇಗೆ?
— ವಿದ್ಯಾರ್ಥಿಗಳು, ಹುಬ್ಬಳ್ಳಿ

ಉತ್ತರ: ವಾದ್ಯಗಳ ಮಾತು ಮೊದಲು. ಬಾಸ್‌ಗೆ ದೊಡ್ಡ ತಗಡಿನ ತೊಟ್ಟಿಯೊಂದನ್ನು ಬೋರಲು ಹಾಕಿ, ತಳದ ನಡುವೆ ತೂತು ಕೊರೆದು ಗಟ್ಟಿ ಹುರಿಯನ್ನು ಒಳಗಿನಿಂದ ಗಂಟು ಹಾಕಿ ತೂರಿಸಿ, ಅದರ ಇನ್ನೊಂದು ತುದಿಯನ್ನು ಕಸಬರಿಕೆಯ ಕೋಲಿನಂಥ ಉದ್ದನೆಯ ಕೋಲಿನ ತುದಿಗೆ ಕಟ್ಟಿ. ಕೋಲಿನ ಬುಡ ತೊಟ್ಟಿಯ ಅಂಚಿನ ಮೇಲೆ ನಿಲ್ಲಬೇಕು. ಕೋಲನ್ನು ಹಿಂದಕ್ಕೆಳೆದರೆ ಹುರಿ ಬಿಗಿದು ಸ್ವರ ಏರುತ್ತದೆ, ಮುಂದಕ್ಕೆ ಬಿಟ್ಟರೆ ಇಳಿಯುತ್ತದೆ. ನಿಮ್ಮ ಕಡೆಯ ಜೋಗತಿಯರ ಚೌಡಿಕೆಯನ್ನು ಕೇಳಿ ಬೆಳೆದವರಿಗೆ, ತಂತಿಯೊಂದು ಚರ್ಮವನ್ನು ನೇರವಾಗಿ ಮಿಡಿಯುವ ಈ ಬಗೆ ಹೊಸದೆನಿಸದು. ಒಂದೆಡೆ ಚರ್ಮ, ಇನ್ನೊಂದೆಡೆ ತಗಡು, ಅಷ್ಟೇ ವ್ಯತ್ಯಾಸ. ಹೊಲಿಗೆಯವರ ಲೋಹದ ಬೆರಳುಟೋಪಿಗಳನ್ನು ತೊಟ್ಟು ಗೀರುವ ಏಣುಗಳ ಒಗೆಯುವ ಹಲಗೆ ನಮ್ಮಲ್ಲಿ ಸಿಗುವುದು ಕಷ್ಟ, ನಮ್ಮ ಒಗೆಯುವ ಕಲ್ಲನ್ನು ಕೊರಳಿಗೆ ನೇತುಹಾಕಿಕೊಳ್ಳಲಾಗದು. ಏಣುಗಳಿರುವ ತಗಡಿನ ಹಾಳೆಯ ಒಂದು ತುಂಡನ್ನು ಅಂಚು ಮಡಚಿಸಿ ಹಲಗೆಗೆ ಬಡಿಸಿಕೊಳ್ಳಿ. ಗುನುಗಿದರೆ ಝೇಂಕರಿಸುವ ಕಜೂ ಎಂಬ ಪುಟ್ಟ ವಾದ್ಯ ಕೊಳ್ಳಲು ಹಣವಿಲ್ಲದಿದ್ದರೆ ಬಾಚಣಿಗೆಗೆ ತೆಳು ಕಾಗದ ಸುತ್ತಿ ಗುನುಗಿದರೆ ಅದೇ ಸದ್ದು. ಐವರಲ್ಲಿ ಇಬ್ಬರು ಬಾಸ್ ಹಿಡಿಯಬೇಡಿ: ಹೂಜಿಯೂ ತೊಟ್ಟಿಯೂ ಒಟ್ಟಿಗೆ ಇರಬಹುದು, ಆದರೆ ಹೊಸಬರ ಕೈಯಲ್ಲಿ ಎರಡೂ ಸೇರಿದರೆ ಕೆಳಸ್ಥಾಯಿ ಕೆಸರಾಗುತ್ತದೆ.

ಶರೀಫರನ್ನು ಅವರ ಪಾಡಿಗೆ ಬಿಡಿ. ತತ್ವಪದದ ಪಲ್ಲವಿ ಮತ್ತೆ ಮತ್ತೆ ಮರಳಿ ಬಂದು ಅರ್ಥವನ್ನು ಸುತ್ತಿಸುತ್ತದೆ. ಬ್ಲೂಸ್ ಒಂದೇ ಮಾತನ್ನು ಎರಡು ಸಲ ಹೇಳಿ ಮೂರನೆಯದರಲ್ಲಿ ತಿರುವು ಕೊಡುತ್ತದೆ. ಒಂದರ ಅಂಗಿಯನ್ನು ಇನ್ನೊಂದಕ್ಕೆ ತೊಡಿಸಿದರೆ ತೋಳು ಹರಿಯುತ್ತದೆ. ನಿಮ್ಮದೇ ಸಾಲು ಬರೆಯಿರಿ, ಊರ ಮಾತಿನಲ್ಲೇ ಬರೆಯಿರಿ. ಹಳೆಯ ಬ್ಲೂಸ್ ಹಾಡುಗಳೂ ತಪ್ಪಿದ ರೈಲು, ಖಾಲಿ ಕಿಸೆ, ಮುನಿದ ಗೆಳತಿ ಇಂಥವನ್ನೇ ಹಾಡಿವೆ. ಮಾದರಿಗೆ ನಾನೇ ಕಟ್ಟಿದ ಒಂದು ಪದ್ಯ ಕೊಡುತ್ತೇನೆ, ಭಾಷೆಯಲ್ಲಿ ತಪ್ಪಿದ್ದರೆ ಹುಬ್ಬಳ್ಳಿಯವರಾದ ನೀವೇ ತಿದ್ದಿಕೊಳ್ಳಿ:

ಕಡೀ ಬಸ್ಸು ಹೋತು, ಕೈ ಮಾಡಿದ್ರೂ ನಿಲ್ಲಲಿಲ್ಲ,
ಹೌದೋ, ಕಡೀ ಬಸ್ಸು ಹೋತು, ಕೈ ಮಾಡಿದ್ರೂ ನಿಲ್ಲಲಿಲ್ಲ,
ಹನ್ನೆರಡು ಮೈಲು ದಾರಿ, ಕಿಸೇದಾಗ ಬೆಂಕಿಕಡ್ಡೀನೂ ಇಲ್ಲ.

ಪ್ರತಿ ಸಾಲೂ ಎರಡನೆಯ ಮನೆ ದಾಟಿ ಮೂರನೆಯದರ ಮೊದಲ ಎಣಿಕೆಗೆ ಮುಗಿಯುವಂತೆ ಹಾಡಿ, ಉಳಿದದ್ದನ್ನು ಅಜ್ಜನ ಮ್ಯಾಂಡೊಲಿನ್‌ಗೆ ಬಿಡಿ. ಮೊದಲ ಸಾಲಿನ ನಂತರ ಅದು ಬಸ್ಸಿನ ಹಾರನ್ನಿನಂತೆ ಎರಡು ಸ್ವರ ಕೂಗಲಿ. ಎರಡನೆಯದರ ನಂತರ ಅದೇ ಎರಡು ಸ್ವರ ದೂರದಿಂದ ಬಂದಂತೆ, ಇನ್ನೂ ಮೆಲ್ಲಗೆ. ಮೂರನೆಯದರ ನಂತರ ಏನೂ ನುಡಿಸದೆ ಬಿಟ್ಟು, ಬರೀ ತೊಟ್ಟಿಯ ಬಾಸ್ ನಾಲ್ಕು ಹೆಜ್ಜೆ ನಡೆದುಹೋಗಲಿ.